ಗೊಮ್ಮಟಸಾರದ ಇಪ್ಪತ್ತೊಂಬತ್ತು ಅಂಕಗಳು

ಕಾರ್ಕಳದ ಬೆಟ್ಟದ ಮೇಲೆ ಕ್ರಿ.ಶ. 1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠೆ ಮಾಡಿಸಿದ ಗೊಮ್ಮಟೇಶ್ವರನ ವಿಗ್ರಹವನ್ನು ಅರಿಯದವರು ಈ ನಾಡಿನಲ್ಲಿ ಇರಲಾರರು. ಅದಕ್ಕೂ ನಾಲ್ಕೂವರೆ ಶತಮಾನ ಮೊದಲು ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಮಾಡಿಸಿದ ಮಹಾಮೂರ್ತಿಯ ಕೀರ್ತಿಯಂತೂ ಲೋಕವಿದಿತವಾದುದು. ಆದರೆ ಗೊಮ್ಮಟನ ಹೆಸರನ್ನು ಹೊತ್ತು, ಅದೇ ಚಾವುಂಡರಾಯನ ನಿಮಿತ್ತವಾಗಿಯೇ ಹುಟ್ಟಿದ ಇನ್ನೊಂದು ಕೃತಿಯಿದೆ. ಅದು ಶಿಲೆಯಲ್ಲಿ ಕಡೆದುದಲ್ಲ, ಪ್ರಾಕೃತ ಗಾಥೆಗಳಲ್ಲಿ ರಚಿತವಾದುದು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವೇ ಆ ಗ್ರಂಥ. ‘ಗೊಮ್ಮಟ’ ಎಂಬುದು ಚಾವುಂಡರಾಯನಿಗಿದ್ದ ಇನ್ನೊಂದು ಹೆಸರು. ಶಿಷ್ಯನ ಹೆಸರನ್ನು ಗುರುಗಳು ಗ್ರಂಥಕ್ಕಿಟ್ಟರು.

ಈ ಗ್ರಂಥದ ಜೀವಕಾಂಡದಲ್ಲಿ, ಗತಿಮಾರ್ಗಣೆಯ ಪ್ರಕರಣದಲ್ಲಿ, ಪರ್ಯಾಪ್ತ ಮನುಷ್ಯರ ಸಂಖ್ಯೆ ಎಷ್ಟೆಂಬ ಪ್ರಶ್ನೆಗೆ ಆಚಾರ್ಯರು ಉತ್ತರ ಕೊಟ್ಟಿದ್ದಾರೆ. ‘ಅಸಂಖ್ಯಾತ’ ಎಂದೋ ‘ಅನಂತ’ ಎಂದೋ ಅಲ್ಲ. ಏಕಸ್ಥಾನದಿಂದ ಮೊದಲುಗೊಂಡು ಒಂದೊಂದು ಅಂಕವನ್ನೂ ಹೇಳಿ, ಇಪ್ಪತ್ತೊಂಬತ್ತು ಸ್ಥಾನಗಳ ಒಂದು ನಿಶ್ಚಿತ ಸಂಖ್ಯೆಯನ್ನು ಮುಂದಿಟ್ಟಿದ್ದಾರೆ. ಆ ಸಂಖ್ಯೆ ಇದು:

79228162514264337593543950336

ಬೃಹತ್ಸಂಖ್ಯೆಗಳು ಜೈನ ಆಗಮಗಳಿಗೆ ಹೊಸವಲ್ಲ. ಕಾಲಮಾನದ ಗಣನೆಯಲ್ಲಿ ಬರುವ ಶೀರ್ಷಪ್ರಹೇಲಿಕೆಯು ಎಂಬತ್ತನಾಲ್ಕು ಲಕ್ಷವನ್ನು ಇಪ್ಪತ್ತೆಂಟು ಬಾರಿ ಇಟ್ಟು ಪರಸ್ಪರ ಗುಣಿಸಿದಾಗ ದೊರೆಯುವ, 194 ಸ್ಥಾನಗಳ ಸಂಖ್ಯೆ. ಅದರೆದುರು ಇಪ್ಪತ್ತೊಂಬತ್ತು ಸ್ಥಾನಗಳು ಏನು ಮಹಾ ಎಂದು ಕೇಳಬಹುದು. ಆದರೆ ಶೀರ್ಷಪ್ರಹೇಲಿಕೆಯಲ್ಲಿ ಕೊನೆಯ 140 ಸ್ಥಾನಗಳು ಬರಿಯ ಸೊನ್ನೆಗಳು. ಗೊಮ್ಮಟಸಾರದ ಸಂಖ್ಯೆಯಲ್ಲಿ ಸೊನ್ನೆ ಒಂದೇ ಒಂದು. ಮೇಲಾಗಿ ಇದು ಕಾಲದ ಅಳತೆಗೆಂದು ಕಲ್ಪಿಸಿಕೊಂಡ ಮಾನವಲ್ಲ, ಎಣಿಸಬಹುದಾದ ಜೀವಗಳ ಸಂಖ್ಯೆಯೆಂದು ಹೇಳಲ್ಪಟ್ಟುದು. ಆದುದರಿಂದಲೇ ‘ಇದು ಸರಿಯೇ?’ ಎಂಬ ಪ್ರಶ್ನೆಯನ್ನು ಎದುರಿಸಬೇಕಾಗಿ ಬಂದ ಸಂಖ್ಯೆಯೂ ಇದೇ. ಆ ಪ್ರಶ್ನೆಯನ್ನು ಎತ್ತಿದವರು ಹೊರಗಿನವರಲ್ಲ. ಸಿದ್ಧಾಂತ ಪರಂಪರೆಯ ಶಿಖರಪ್ರಾಯರಾದ ವೀರಸೇನಾಚಾರ್ಯರು.

ಮೊದಲು ಸಂಖ್ಯೆಯ ಹುಟ್ಟನ್ನು ನೋಡಬೇಕು. ನೇಮಿಚಂದ್ರಾಚಾರ್ಯರು ಇದನ್ನು ಐದನೆಯ ವರ್ಗದ ಘನ ಎಂದು ನಿರ್ದೇಶಿಸುತ್ತಾರೆ. ಎರಡನ್ನು ಎರಡರಿಂದ ಗುಣಿಸಿದರೆ ನಾಲ್ಕು. ಇದು ಮೊದಲನೆಯ ವರ್ಗ. ನಾಲ್ಕರ ವರ್ಗ ಹದಿನಾರು, ಎರಡನೆಯದು. ಹದಿನಾರರ ವರ್ಗ 256, ಮೂರನೆಯದು. 256ರ ವರ್ಗ 65536, ನಾಲ್ಕನೆಯದು. ಅದರ ವರ್ಗ 4294967296, ಐದನೆಯದು. ಇನ್ನೂ ಒಂದು ಹೆಜ್ಜೆ ಇಟ್ಟರೆ ಆರನೆಯ ವರ್ಗ, 18446744073709551616. ಈ ಸಾಲಿಗೆ ಶಾಸ್ತ್ರದಲ್ಲಿ ದ್ವಿರೂಪವರ್ಗಧಾರೆ ಎಂದು ಹೆಸರು. ನೇಮಿಚಂದ್ರಾಚಾರ್ಯರು ತ್ರಿಲೋಕಸಾರದಲ್ಲಿ ವಿವರಿಸುವ ಹದಿನಾಲ್ಕು ಧಾರೆಗಳಲ್ಲಿ ಇದೂ ಒಂದು. ಸಾಲಿನ ಕೊನೆಯ ಮೂರು ಸಂಖ್ಯೆಗಳಿಗೆ ಪ್ರಾಚೀನರು ಸ್ವಾರಸ್ಯವಾದ ಸಂಕೇತನಾಮಗಳನ್ನಿಟ್ಟಿದ್ದರು. 65536 ಎಂಬುದು ಅರವತ್ತೈದರಿಂದ ಮೊದಲಾಗುವುದರಿಂದ ‘ಪಣ್ಣಟ್ಠಿ’. 4294967296 ನಲವತ್ತೆರಡರಿಂದ ಮೊದಲಾಗುವುದರಿಂದ ‘ಬಾದಾಲ’. ಆರನೆಯದು ಒಂದು ಮತ್ತು ಎಂಟರಿಂದ ಮೊದಲಾಗುವುದರಿಂದ ‘ಏಕಟ್ಠಿ’. ಉದ್ದನೆಯ ಸಂಖ್ಯೆಯನ್ನು ಅದರ ಮೊದಲೆರಡು ಅಂಕಗಳಿಂದ ಕರೆಯುವುದು, ದೊಡ್ಡ ಮನೆತನವನ್ನು ಅದರ ಮನೆಯ ಹೆಸರಿನಿಂದ ಕರೆದಂತೆ.

ಬಾದಾಲವನ್ನು ಮೂರು ಬಾರಿ ಇಟ್ಟು ಗುಣಿಸಿದರೆ ಅದರ ಘನ. ಬಾದಾಲದ ವರ್ಗವೇ ಏಕಟ್ಠಿಯಾದ ಕಾರಣ, ಏಕಟ್ಠಿಯನ್ನು ಬಾದಾಲದಿಂದ ಗುಣಿಸಿದರೂ ಫಲ ಅದೇ. ಶ್ವೇತಾಂಬರ ಆಮ್ನಾಯದ ಅನುಯೋಗದ್ವಾರ ಸೂತ್ರವೂ ಮನುಷ್ಯಸಂಖ್ಯೆಯ ಪ್ರಸ್ತಾಪದಲ್ಲಿ ಇದೇ ಮೊತ್ತವನ್ನು ಸೂಚಿಸುತ್ತದೆ: ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದುದು, ಅಥವಾ ತೊಂಬತ್ತಾರು ಬಾರಿ ಅರ್ಧಿಸಬಹುದಾದುದು. ಎರಡು ಆಮ್ನಾಯಗಳಲ್ಲಿಯೂ ಇದು ಕಾಣಿಸಿಕೊಂಡಿರುವುದನ್ನು ನೋಡಿದರೆ ಇದರ ಪ್ರಾಚೀನತೆ ಎಷ್ಟೆಂಬುದು ಊಹೆಗೆ ಬರುತ್ತದೆ.

‘ತೊಂಬತ್ತಾರು ಬಾರಿ ಅರ್ಧಿಸಬಹುದಾದುದು’ ಎಂಬ ಮಾತಿನಲ್ಲಿ ಒಂದು ಗಣಿತತತ್ತ್ವವೇ ಅಡಗಿದೆ. ಒಂದು ರಾಶಿಯನ್ನು ಒಂದು ಉಳಿಯುವವರೆಗೆ ಎಷ್ಟು ಬಾರಿ ಅರ್ಧಿಸಬಹುದೋ ಅದು ಆ ರಾಶಿಯ ಅರ್ಧಚ್ಛೇದ. ಎಂಟರ ಅರ್ಧಚ್ಛೇದ ಮೂರು, ಹದಿನಾರರದು ನಾಲ್ಕು. ಎರಡು ರಾಶಿಗಳನ್ನು ಗುಣಿಸಿದಾಗ ಅವುಗಳ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆ. ಭಾಗಿಸಿದಾಗ ಒಂದರಿಂದ ಇನ್ನೊಂದು ಕಳೆಯುತ್ತದೆ. ಈ ನಿಯಮಗಳನ್ನು ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಹೇರಳವಾಗಿ ಬಳಸಿದ್ದಾರೆ. ಬಾದಾಲದ ಅರ್ಧಚ್ಛೇದ 32, ಏಕಟ್ಠಿಯದು 64, ಕೂಡಿದರೆ 96. ಇಪ್ಪತ್ತು ಅಂಕಗಳ ರಾಶಿಯನ್ನು ಹತ್ತು ಅಂಕಗಳ ರಾಶಿಯಿಂದ ಗುಣಿಸುವ ಶ್ರಮವಿಲ್ಲದೆ ಫಲದ ಗಾತ್ರ ತಿಳಿದುಹೋಯಿತು. ಯೂರೋಪಿನಲ್ಲಿ ನೇಪಿಯರನು ಲಾಗರಿಥಮ್ ಕೋಷ್ಟಕಗಳನ್ನು ಪ್ರಕಟಿಸಿದ್ದು 1614ರಲ್ಲಿ. ಅವನ ಕೋಷ್ಟಕಗಳ ವ್ಯಾಪ್ತಿ ಅರ್ಧಚ್ಛೇದಕ್ಕೆ ಇಲ್ಲವೆಂಬುದು ನಿಜ. ಭಿನ್ನರಾಶಿಯ ಘಾತಗಳಿಗೆ ಇದು ಬೆಳೆಯಲಿಲ್ಲ. ಆದರೆ ಗುಣಾಕಾರವನ್ನು ಸಂಕಲನಕ್ಕೆ ಇಳಿಸುವ ಮೂಲ ವಿಚಾರ ಒಂದೇ.

ಇನ್ನು ವೀರಸೇನಾಚಾರ್ಯರ ಪರೀಕ್ಷೆಯ ವಿಷಯ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮದ ದ್ರವ್ಯಪ್ರಮಾಣಾನುಗಮದಲ್ಲಿ ಮಿಥ್ಯಾದೃಷ್ಟಿ ಪರ್ಯಾಪ್ತ ಮನುಷ್ಯರ ಪ್ರಮಾಣವನ್ನು ಹೇಳುವಾಗ ಸೂತ್ರಕಾರರು ಒಂದು ನಿಶ್ಚಿತ ಸಂಖ್ಯೆಯನ್ನು ಕೊಡದೆ ಎರಡು ಗಡಿಗಳನ್ನು ಹಾಕಿದ್ದಾರೆ. ಕೋಡಾಕೋಡಾಕೋಡಿಯ ಮೇಲೆ, ಕೋಡಾಕೋಡಾಕೋಡಾಕೋಡಿಯ ಕೆಳಗೆ. ಆರನೆಯ ವರ್ಗದ ಮೇಲೆ, ಏಳನೆಯ ವರ್ಗದ ಕೆಳಗೆ. ಕೋಟಿಯನ್ನು ಮೂರು ಬಾರಿ ಇಟ್ಟು ಗುಣಿಸಿದರೆ ಒಂದರ ಮುಂದೆ ಇಪ್ಪತ್ತೊಂದು ಸೊನ್ನೆ. ನಾಲ್ಕು ಬಾರಿ ಇಟ್ಟು ಗುಣಿಸಿದರೆ ಒಂದರ ಮುಂದೆ ಇಪ್ಪತ್ತೆಂಟು ಸೊನ್ನೆ. ಸಂಖ್ಯೆ ಇವೆರಡರ ನಡುವೆ ಇರತಕ್ಕದ್ದು.

ಇಲ್ಲಿ ಗಮನವಿಟ್ಟು ನೋಡಬೇಕಾದ ಸೂಕ್ಷ್ಮವೊಂದಿದೆ. ಒಂದರ ಮುಂದೆ ಇಪ್ಪತ್ತೆಂಟು ಸೊನ್ನೆ ಎಂದರೆ ಒಟ್ಟು ಇಪ್ಪತ್ತೊಂಬತ್ತು ಸ್ಥಾನಗಳು. ಬಾದಾಲದ ಘನಕ್ಕೂ ಸ್ಥಾನಗಳು ಇಪ್ಪತ್ತೊಂಬತ್ತೇ. ಸ್ಥಾನಗಳನ್ನಷ್ಟೇ ಎಣಿಸಿದವರಿಗೆ ಎರಡೂ ಒಂದೇ ಅಳತೆಯವಾಗಿ ಕಂಡು, ಎಲ್ಲವೂ ಸರಿಯಿದೆಯೆಂದು ತೋರುತ್ತದೆ. ಆದರೆ ಒಂದು ಒಂದರಿಂದ ಮೊದಲಾಗುತ್ತದೆ, ಇನ್ನೊಂದು ಏಳರಿಂದ. ಬಾದಾಲದ ಘನವು ಸೂತ್ರದ ಮೇಲಿನ ಗಡಿಗಿಂತ ಹೆಚ್ಚುಕಡಿಮೆ ಎಂಟು ಪಟ್ಟು ದೊಡ್ಡದು! ವರ್ಗಗಳ ಗಡಿಯೊಳಗೆ ಅದು ಸರಿಯಾಗಿ ಕೂರುತ್ತದೆ, ಕೋಟಿಗಳ ಗಡಿಯನ್ನು ಮಾತ್ರ ದಾಟಿಹೋಗುತ್ತದೆ. ಪರ್ಯಾಪ್ತ ಮನುಷ್ಯರೆಲ್ಲರ ಸಂಖ್ಯೆ ಬೇರೆ, ಅವರಲ್ಲಿ ಮಿಥ್ಯಾದೃಷ್ಟಿಗಳ ಸಂಖ್ಯೆ ಬೇರೆ ಎನ್ನಬಹುದಾದರೂ, ಉಳಿದ ಗುಣಸ್ಥಾನಗಳ ಮನುಷ್ಯರು ಅತ್ಯಲ್ಪರಾದುದರಿಂದ ಆ ಸಮಾಧಾನ ಇಲ್ಲಿ ಒದಗುವುದಿಲ್ಲ.

ವೀರಸೇನಾಚಾರ್ಯರು ಇದನ್ನು ಕಂಡರು, ಕಂಡು ಸುಮ್ಮನಿರಲಿಲ್ಲ. ಮನುಷ್ಯಕ್ಷೇತ್ರದ ಕ್ಷೇತ್ರಫಲವನ್ನು ಲೆಕ್ಕಹಾಕಿ, ಅಷ್ಟು ದೊಡ್ಡ ಸಂಖ್ಯೆಯ ಮನುಷ್ಯರು ಅಷ್ಟು ಸ್ಥಳದಲ್ಲಿ ಹಿಡಿಸಲಾರರೆಂದು ತೋರಿಸಿ, ಆ ಮತ ಸಂಗತವಲ್ಲವೆಂದು ನಿರ್ಣಯಿಸಿದರು. ಧವಲಾ ಟೀಕೆ ಸಮಾಪ್ತವಾದುದು ಕ್ರಿ.ಶ. 816ರಲ್ಲಿ ಎಂಬುದು ಬಹುಮಾನ್ಯವಾದ ಅಭಿಪ್ರಾಯ. ಮಾನ್ಯಖೇಟದ ರಾಷ್ಟ್ರಕೂಟರ ಕಾಲದಲ್ಲಿ, ಗುರುಪರಂಪರೆಯಿಂದ ಇಳಿದುಬಂದಿದ್ದ ಒಂದು ಸಂಖ್ಯೆಯನ್ನು ಒಬ್ಬ ಆಚಾರ್ಯರು ನೆಲದ ಅಳತೆಯಿಂದ ಪರೀಕ್ಷಿಸಿದ ಈ ಪ್ರಸಂಗವು ಭಾರತೀಯ ಗಣಿತದ ಇತಿಹಾಸದಲ್ಲಿ ಈಗ ದೊರೆತಿರುವುದಕ್ಕಿಂತ ಹೆಚ್ಚಿನ ಗೌರವಕ್ಕೆ ಅರ್ಹವಾಗಿದೆ.

ಅಂಥ ಲೆಕ್ಕವನ್ನು ಇಂದು ಯಾರು ಬೇಕಾದರೂ ಮಾಡಿ ನೋಡಬಹುದು. ಎರಡೂವರೆ ದ್ವೀಪಗಳ ಮನುಷ್ಯಕ್ಷೇತ್ರದ ವ್ಯಾಸ 45 ಲಕ್ಷ ಯೋಜನ. ವ್ಯಾಸದ ವರ್ಗವನ್ನು ಹತ್ತರಿಂದ ಗುಣಿಸಿ ವರ್ಗಮೂಲ ತೆಗೆದರೆ ಪರಿಧಿ: 1,42,30,249 ಯೋಜನ. ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಕ್ಷೇತ್ರಫಲ: 16009030125000 ವರ್ಗಯೋಜನ. ಯೋಜನಕ್ಕೆ ನಾಲ್ಕು ಕ್ರೋಶ, ಕ್ರೋಶಕ್ಕೆ ಎರಡು ಸಾವಿರ ಧನುಸ್ಸು, ಧನುಸ್ಸಿಗೆ ತೊಂಬತ್ತಾರು ಅಂಗುಲ. ಅಂದರೆ ಯೋಜನಕ್ಕೆ 7,68,000 ಅಂಗುಲ. ದ್ವೀಪಸಮುದ್ರಗಳನ್ನು ಅಳೆಯುವುದು ಪ್ರಮಾಣಾಂಗುಲದಿಂದ. ದೇಹವನ್ನು ಅಳೆಯುವುದು ಉತ್ಸೇಧಾಂಗುಲದಿಂದ. ಮೊದಲನೆಯದು ಎರಡನೆಯದರ ಐನೂರು ಪಟ್ಟು. ಪ್ರಮಾಣಾಂಗುಲದಲ್ಲಿ ಕ್ಷೇತ್ರವನ್ನು ಅಳೆದರೆ ಫಲ ಇಪ್ಪತ್ತೈದು ಸ್ಥಾನಗಳ ಸಂಖ್ಯೆ. ಮನುಷ್ಯರ ಸಂಖ್ಯೆಯೋ ಇಪ್ಪತ್ತೊಂಬತ್ತು ಸ್ಥಾನಗಳದು. ಎಲ್ಲ ಔದಾರ್ಯವನ್ನೂ ತೋರಿ ಉತ್ಸೇಧಾಂಗುಲದಲ್ಲಿಯೇ ಅಳೆದರೆ ಮೂವತ್ತೊಂದು ಸ್ಥಾನಗಳ ಫಲ ದೊರೆಯುತ್ತದೆ. ಅದನ್ನು ಬಾದಾಲದ ಘನದಿಂದ ಭಾಗಿಸಿದರೆ ತಲೆಗೊಂದಕ್ಕೆ ಬರುವ ಸ್ಥಳ ಮೂವತ್ತು ವರ್ಗಾಂಗುಲಕ್ಕಿಂತ ಕಡಿಮೆ.

ಆರು ಅಂಗುಲಕ್ಕೆ ಒಂದು ಪಾದವೆಂಬುದು ಶಾಸ್ತ್ರದ ಅಳತೆ. ಪಾದವೊಂದರ ಚೌಕಕ್ಕೆ ಮೂವತ್ತಾರು ವರ್ಗಾಂಗುಲ ಬೇಕು. ಎಂದರೆ ಒಬ್ಬೊಬ್ಬ ಮನುಷ್ಯನಿಗೂ ಒಂದು ಪಾದ ಊರುವಷ್ಟು ಚೌಕವೂ ಸಿಗಲಿಲ್ಲ. ಅದರಲ್ಲಿಯೂ ಲವಣಸಮುದ್ರ, ಕಾಲೋದಸಮುದ್ರಗಳು ಸೇರಿಕೊಂಡಿವೆ. ಈ ಎರಡು ಸಮುದ್ರಗಳೇ ಕ್ಷೇತ್ರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಅವನ್ನು ಕಳೆದರೆ ಉಳಿಯುವುದು ತಲೆಗೆ ಇಪ್ಪತ್ತು ವರ್ಗಾಂಗುಲಕ್ಕೂ ಕಡಿಮೆ. ಪರ್ವತಗಳು, ನದಿಗಳು, ಸರೋವರಗಳ ಮಾತೇ ಬೇಡ.

ಸೂತ್ರದ ಮೇಲಿನ ಗಡಿಯನ್ನೇ ಒಪ್ಪಿ, ಮನುಷ್ಯರು ಹತ್ತಿರಹತ್ತಿರ ಕೋಡಾಕೋಡಾಕೋಡಾಕೋಡಿ ಇದ್ದರೆಂದು ಇಟ್ಟುಕೊಂಡರೂ ತಲೆಗೆ ಇನ್ನೂರ ಮೂವತ್ತಾರು ವರ್ಗಾಂಗುಲವಷ್ಟೇ. ಅದು ಹದಿನೈದು ಅಂಗುಲದ ಒಂದು ಚೌಕ. ಆದರೆ ಸೂತ್ರಕಾರರು ಹೇಳಿದುದು ಗಡಿಯ ‘ಕೆಳಗೆ’ ಎಂದು, ಎಷ್ಟು ಕೆಳಗೆಂದು ಹೇಳಿಲ್ಲ. ಕೆಳಗಿನ ಗಡಿಗೆ ಬಂದರೆ ಒಬ್ಬೊಬ್ಬನ ಪಾಲಿನ ನೆಲ ಒಂದು ಕೋಟಿ ಪಟ್ಟು ಹಿಗ್ಗುತ್ತದೆ. ಗಡಿಗಳನ್ನಷ್ಟೇ ಹಾಕಿದ ಸೂತ್ರ ಈ ಪರೀಕ್ಷೆಯಲ್ಲಿ ಉಳಿಯುತ್ತದೆ. ಅಂಕ ಅಂಕವಾಗಿ ನಿಶ್ಚಯಿಸಿದ ಸಂಖ್ಯೆ ಸಿಕ್ಕಿಬೀಳುತ್ತದೆ.

ಹೀಗಿದ್ದೂ ವೀರಸೇನರಿಂದ ಒಂದೂವರೆ ಶತಮಾನಕ್ಕೂ ಮೇಲ್ಪಟ್ಟು ಈಚಿನವರಾದ, ಧವಲಾ ಸಿದ್ಧಾಂತವನ್ನು ಕರತಲಾಮಲಕವಾಗಿಸಿಕೊಂಡಿದ್ದ ನೇಮಿಚಂದ್ರಾಚಾರ್ಯರು ಗೊಮ್ಮಟಸಾರದಲ್ಲಿ ಬಾದಾಲದ ಘನವನ್ನೇ ಇಟ್ಟರು. ಇದು ಓದುಗರಿಗೆ ಮೊದಲ ನೋಟಕ್ಕೆ ಅಚ್ಚರಿಯನ್ನು ತರುತ್ತದೆ. ಗೊಮ್ಮಟಸಾರವು ವಾದಗ್ರಂಥವಲ್ಲ, ಸಂಗ್ರಹಗ್ರಂಥ. ಅದಕ್ಕೆ ಪಂಚಸಂಗ್ರಹವೆಂಬ ಹೆಸರೂ ಉಂಟು. ಟೀಕಾಕಾರನು ಮತಗಳನ್ನು ತೂಗಿನೋಡುತ್ತಾನೆ. ಸಂಗ್ರಹಕಾರನು ಪರಂಪರೆಯಲ್ಲಿ ನಿಂತುಬಂದುದನ್ನು ಕಂಠಪಾಠಕ್ಕೆ ಒದಗುವಂತೆ ಕಟ್ಟಿಕೊಡುತ್ತಾನೆ. ಧವಲೆಯಲ್ಲಿ ತಿರಸ್ಕೃತವಾದ ಮತ ಗೊಮ್ಮಟಸಾರದಲ್ಲಿ ಸ್ವೀಕೃತವಾದುದನ್ನು ಮುಚ್ಚಿಡಬೇಕಾದ ಕಾರಣವೇನೂ ಇಲ್ಲ. ಎರಡೂ ಗ್ರಂಥಗಳು ಒಂದೇ ಭಂಡಾರದಲ್ಲಿ, ಒಂದೇ ಭಕ್ತಿಯಿಂದ ಪೂಜೆಗೊಳ್ಳುತ್ತ ಉಳಿದುಬಂದಿವೆ.

ಕಟ್ಟಿಕೊಟ್ಟ ರೀತಿಯಂತೂ ಅತ್ಯಂತ ಜಾಣತನದ್ದು. ತಾಳೆಗರಿಯಲ್ಲಿ ಅಂಕಗಳನ್ನು ಬರೆದರೆ ಅವಕ್ಕೆ ಆಪತ್ತು ಹೆಚ್ಚು. ಒಂದು ಗೀರು ಮಾಸಿದರೆ, ಒಂದು ತೂತು ಬಿದ್ದರೆ, ಪ್ರತಿಕಾರನ ಕಣ್ಣು ಒಂದು ಅಂಕವನ್ನು ಹಾರಿದರೆ ಕೋಟಿಗಳು ಲಕ್ಷಗಳಾಗುತ್ತವೆ. ಮಾತು ತಪ್ಪಿದರೆ ಅರ್ಥ ಕೆಟ್ಟುದು ಓದುಗನಿಗೆ ಗೊತ್ತಾಗುತ್ತದೆ. ಅಂಕ ತಪ್ಪಿದರೆ ಗೊತ್ತಾಗುವ ಬಗೆಯಿಲ್ಲ. ಆದುದರಿಂದ ಸಂಖ್ಯೆಯನ್ನು ಒಂದು ಗಾಥೆಯಲ್ಲಿ ಅಕ್ಷರಗಳಾಗಿ ಹೆಣೆಯಲಾಗಿದೆ. ಕಟಪಯಾದಿ ಎಂದು ಪ್ರಸಿದ್ಧವಾದ ಈ ಪದ್ಧತಿಯಲ್ಲಿ ಕಕಾರದಿಂದ ಝಕಾರದವರೆಗೆ ಒಂದರಿಂದ ಒಂಬತ್ತು. ಟಕಾರದಿಂದ ಧಕಾರದವರೆಗೆ ಒಂದರಿಂದ ಒಂಬತ್ತು. ಪಕಾರದಿಂದ ಮಕಾರದವರೆಗೆ ಒಂದರಿಂದ ಐದು. ಯಕಾರದಿಂದ ಹಕಾರದವರೆಗೆ ಒಂದರಿಂದ ಎಂಟು. ಞಕಾರ ನಕಾರಗಳು ಸೊನ್ನೆ. ಅಂಕಗಳನ್ನು ಏಕಸ್ಥಾನದಿಂದ ಎಡಕ್ಕೆ ಇಡುತ್ತ ಹೋಗಬೇಕು.

ಆ ಗಾಥೆಯ ಮೊದಲ ಅಕ್ಷರ ತಕಾರ. ಅದು ಆರು, ಏಕಸ್ಥಾನದಲ್ಲಿ ನಿಲ್ಲುವುದು. ನಾಲ್ಕನೆಯ ಅಕ್ಷರ ನಕಾರ. ಇಡೀ ಸಂಖ್ಯೆಯಲ್ಲಿರುವ ಏಕಮಾತ್ರ ಸೊನ್ನೆ ಅದು. ಎಂಟು ಎಂಬ ಅಂಕವೂ ಒಂದೇ ಬಾರಿ ಬರುತ್ತದೆ, ಹಕಾರವಾಗಿ. ಮೂರು ಮಾತ್ರ ಆರು ಬಾರಿ ಬರುವುದರಿಂದ ಬೇಸರವಾಗದಂತೆ ಅದನ್ನು ನಾಲ್ಕು ಸಲ ಲಕಾರದಿಂದಲೂ ಎರಡು ಸಲ ಗಕಾರದಿಂದಲೂ ಹೇಳಿದ್ದಾರೆ. ಇಪ್ಪತ್ತೊಂಬತ್ತನೆಯ ಅಕ್ಷರ ಸಕಾರ, ಏಳು. ಅದು ಎಲ್ಲಕ್ಕೂ ಎಡದ ತುದಿ. ಹೊಗೆ, ಕಳ್ಳ, ಭಯ, ಮೇರು ಎಂದು ಅಲ್ಲಲ್ಲಿ ಅರ್ಥ ಹೊಳೆಯುವ ಶಬ್ದಗಳು ಕಿವಿಗೆ ಬಿದ್ದರೂ ಅವುಗಳಿಗೆ ವಾಕ್ಯಾರ್ಥ ಹುಡುಕಹೊರಟರೆ ಶ್ರಮ ವ್ಯರ್ಥ. ಅರ್ಥವಿರುವುದು ಅಂಕದಲ್ಲಿ. ಛಂದಸ್ಸಿನ ಮಾತ್ರೆಗಳು ಕಾವಲು ನಿಂತಿರುವುದರಿಂದ ಅಕ್ಷರವೊಂದು ಜಾರಿದರೆ ಹಾಡುವವನ ನಾಲಗೆಯೇ ಎಡವುತ್ತದೆ.

ಸಂಖ್ಯೆ ಕೆಡದೆ ಬಂದಿದೆಯೇ ಎಂದು ಸಂಶಯಪಡುವವರಿಗೆ ಲೆಕ್ಕದ ಇನ್ನೊಂದು ದಾರಿಯೂ ಇದೆ. ಇಪ್ಪತ್ತೊಂಬತ್ತು ಅಂಕಗಳನ್ನೂ ಕೂಡಿದರೆ 127. ಅದರ ಅಂಕಗಳನ್ನು ಕೂಡಿದರೆ ಹತ್ತು. ಮತ್ತೆ ಕೂಡಿದರೆ ಒಂದು. ಎರಡನ್ನು ಆರು ಬಾರಿ ಇಟ್ಟು ಗುಣಿಸಿದರೆ ಬರುವ 64ನ್ನು ಒಂಬತ್ತರಿಂದ ಭಾಗಿಸಿದಾಗಲೂ ಉಳಿಯುವುದು ಒಂದು. ತೊಂಬತ್ತಾರರಲ್ಲಿ ಆರು ಸರಿಯಾಗಿ ಹದಿನಾರು ಬಾರಿ ಇರುವುದರಿಂದ ಶೇಷ ಒಂದೇ ಆಗಿರತಕ್ಕದ್ದು. ತಾಳೆ ಬಿದ್ದಿತು. ಅಂಕಗಳು ಸ್ಥಾನ ಪಲ್ಲಟಗೊಂಡಿದ್ದರೆ ಈ ಉಪಾಯ ಹಿಡಿಯಲಾರದು. ಆಗ ಬಾದಾಲವನ್ನು ಮೂರು ಬಾರಿ ಇಟ್ಟು ಗುಣಿಸಿಯೇ ನೋಡಬೇಕು. ಒಂದು ದೊಡ್ಡ ಹಾಳೆ ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕು.

ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಗಳೂ ಇದರಲ್ಲಿ ಬಂದಿರುವುದು ಒಂದು ವಿನೋದ. ಇದು ವರ್ಗವೂ ಹೌದು, ಘನವೂ ಹೌದು. ತೊಂಬತ್ತಾರನ್ನು ಭಾಗಿಸುವ ಸಂಖ್ಯೆಗಳು ಹಲವಾದುದರಿಂದ ಇದು ನಾಲ್ಕನೆಯ, ಆರನೆಯ, ಎಂಟನೆಯ, ಹನ್ನೆರಡನೆಯ ಘಾತಗಳೂ ಆಗಿದೆ. ಆದರೂ ಎರಡನ್ನು ಬಿಟ್ಟು ಬೇರಾವ ಅವಿಭಾಜ್ಯ ಸಂಖ್ಯೆಯೂ ಇದನ್ನು ನಿಶ್ಶೇಷವಾಗಿ ಭಾಗಿಸಲಾರದು. ಮೂರಕ್ಕೂ ಇದು ಬಗ್ಗದು, ಐದಕ್ಕೂ ಬಗ್ಗದು.

ಕಾಪು ತಾಲೂಕಿನ ಶಂಕರಪುರದ ಓದುಗರಿಗೆ ಇದರ ಗಾತ್ರವನ್ನು ಮಲ್ಲಿಗೆಯ ಲೆಕ್ಕದಲ್ಲಿ ಹೇಳಬಹುದು. ಅಲ್ಲಿಯ ಮಲ್ಲಿಗೆಯ ವ್ಯವಹಾರ ತೂಕದಿಂದಲ್ಲ, ಎಣಿಕೆಯಿಂದ. ಬೆಳಗಿನ ಜಾವ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿದಾಗ, ರೂಢಿಯಂತೆ ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ 3200 ಹೂವು. ಗೊಮ್ಮಟಸಾರದ ಸಂಖ್ಯೆಯಷ್ಟು ಹೂವನ್ನು ಅಟ್ಟೆಗಳಾಗಿ ಕಟ್ಟಿದರೆ ಇಪ್ಪತ್ತಾರು ಸ್ಥಾನಗಳಷ್ಟು ಅಟ್ಟೆಗಳಾಗಿ, ಕೊನೆಗೆ 1536 ಹೂವು ಮಿಕ್ಕುತ್ತದೆ: ಒಂದು ಚೆಂಡು ಮತ್ತು ಬಿಡಿಹೂವು 736. ಅಟ್ಟೆಯ ಲೆಕ್ಕದಲ್ಲಿ ಐದು ಅಡಗಿರುವುದರಿಂದಲೇ ಶೇಷ ಉಳಿಯಿತು. ವಿಶ್ವಸಂಸ್ಥೆಯ ಲೆಕ್ಕದಂತೆ ಭೂಮಿಯ ಜನಸಂಖ್ಯೆ 800 ಕೋಟಿ ಮುಟ್ಟಿದುದು 2022ರ ನವೆಂಬರ್‌ನಲ್ಲಿ. ಆ ಹೂವನ್ನು ಇಷ್ಟು ಜನರಿಗೆ ಸಮವಾಗಿ ಹಂಚಿದರೆ ಒಬ್ಬೊಬ್ಬರ ಪಾಲಿಗೂ ಒಂದರ ಮುಂದೆ ಹತ್ತೊಂಬತ್ತು ಸೊನ್ನೆ ಇಟ್ಟಷ್ಟು ಸಮೀಪದ ಹೂವು ಬರುತ್ತದೆ.

ಮಲ್ಲಿಗೆಯ ಮಾಲೆಯ ಮಾತು ಬಂದುದರಿಂದ ಸಂಖ್ಯೆಗಳ ಮಾಲೆಯನ್ನೂ ನೆನೆಯಬೇಕು. ವೀರಸೇನರ ಶಿಷ್ಯರಾದ ಜಿನಸೇನಾಚಾರ್ಯರಿಗೆ ಭಕ್ತನಾಗಿದ್ದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಗುಣಾಕಾರದ ಪ್ರಕರಣದಲ್ಲಿ ಅವರು ಕೊರಳಹಾರದಂತೆ ಎಡದಿಂದಲೂ ಬಲದಿಂದಲೂ ಒಂದೇ ರೀತಿ ಕಾಣುವ ಫಲಗಳನ್ನು ಆರಿಸಿ ಲೆಕ್ಕಗಳನ್ನು ಕೊಟ್ಟಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321. ಪಾಠಶಾಲೆಯ ಮಕ್ಕಳಿಗೆ ಗುಣಾಕಾರದ ಬೇಸರ ಕಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ಆಮೇಲಿನವರು ಕಂಡುಹಿಡಿದಂತಿಲ್ಲ. ಅದೇ ಗ್ರಂಥ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರನ್ನು ಹೇಳುತ್ತದೆ. ಬಾದಾಲದ ಘನಕ್ಕೆ ಅದೂ ಸಾಲದು. ಅದರ ಎಡಬದಿಯ ಐದು ಅಂಕಗಳು ಆ ಪಟ್ಟಿಯಲ್ಲಿ ಹೆಸರಿಲ್ಲದ ಸ್ಥಾನಗಳಲ್ಲಿ ನಿಲ್ಲುತ್ತವೆ.

ಈ ಕಾಲದಲ್ಲಿಯೂ ಇದೇ ಸಂಖ್ಯೆ ಅನಿರೀಕ್ಷಿತವಾದ ಕಡೆ ಎದುರಾಗುತ್ತದೆ. ಗಣಕಯಂತ್ರಗಳ ಲೆಕ್ಕವೆಲ್ಲ ಎರಡರ ಘಾತಗಳ ಮೇಲೆ ನಿಂತಿದೆ. ಹಣದ ವ್ಯವಹಾರಕ್ಕೆಂದು ಮೈಕ್ರೋಸಾಫ್ಟ್ ಸಂಸ್ಥೆಯ ಡಾಟ್‌ನೆಟ್ ವ್ಯವಸ್ಥೆಯಲ್ಲಿ ಬಳಸುವ ‘ಡೆಸಿಮಲ್’ ಎಂಬ ಸಂಖ್ಯಾಪ್ರಕಾರಕ್ಕೆ ತೊಂಬತ್ತಾರು ದ್ವಿಮಾನ ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ಅದು ಹಿಡಿಯಬಲ್ಲ ಅತ್ಯಂತ ದೊಡ್ಡ ಸಂಖ್ಯೆ 79228162514264337593543950335. ಗೊಮ್ಮಟಸಾರದ ಗಾಥೆಯ ಮೊದಲ ಅಕ್ಷರವನ್ನು ಆರರ ಬದಲು ಐದೆಂದು ಓದಿದರೆ ಸಿಗುವುದು ಇದೇ. ಇದರಲ್ಲಿ ಪವಾಡವನ್ನು ಕಾಣುವ ಅಗತ್ಯವಿಲ್ಲ. ಅರ್ಧಚ್ಛೇದ 96 ಇರುವ ರಾಶಿಯನ್ನು ಇಬ್ಬರು ಬೇರೆಬೇರೆ ಕಾರಣಗಳಿಗಾಗಿ ಆರಿಸಿಕೊಂಡಾಗ ಅಂಕಗಳು ಒಂದಾಗಲೇಬೇಕು. ಆದರೆ ಯಂತ್ರದ ತೆರೆಯ ಮೇಲೆ ಆ ಅಂಕಗಳನ್ನು ಕಂಡವರಿಗೆ ಅವು ಸಾವಿರ ವರ್ಷಗಳ ಹಿಂದೆ ಕನ್ನಡನಾಡಿನಲ್ಲಿ ಗಾಥೆಯಾಗಿ ಹಾಡಲ್ಪಟ್ಟಿದ್ದವೆಂದು ತಿಳಿದಿರುವುದು ಅಪರೂಪ.

ಗೊಮ್ಮಟಸಾರದ ಗಣಿತವನ್ನು ಮುಂದಿನ ತಲೆಮಾರುಗಳಿಗೆ ಬಿಡಿಸಿಹೇಳಿದ ಕೀರ್ತಿಯಲ್ಲಿ ದೊಡ್ಡ ಪಾಲು ಕನ್ನಡಕ್ಕೆ ಸಲ್ಲಬೇಕು. ಕೇಶವಣ್ಣ ಅಥವಾ ಕೇಶವವರ್ಣಿಗಳು ಕ್ರಿ.ಶ. 1359ರಲ್ಲಿ ಜೀವತತ್ತ್ವಪ್ರದೀಪಿಕೆಯೆಂಬ ವಿಸ್ತಾರವಾದ ವೃತ್ತಿಯನ್ನು ಕನ್ನಡದಲ್ಲಿ ಬರೆದರು. ಅದನ್ನನುಸರಿಸಿ ಸಂಸ್ಕೃತ ಟೀಕೆ ಹುಟ್ಟಿತು. ಆ ಸಂಸ್ಕೃತ ಟೀಕೆಯನ್ನು ಆಧರಿಸಿ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಸಮ್ಯಗ್ಜ್ಞಾನಚಂದ್ರಿಕೆಯನ್ನು ಬರೆದರು. ಉತ್ತರ ಭಾರತದ ಸ್ವಾಧ್ಯಾಯಶಾಲೆಗಳಲ್ಲಿ ಬಾದಾಲ, ಪಣ್ಣಟ್ಠಿಗಳ ವಿವರಣೆ ನಡೆದುದು ಹೀಗೆ ಕನ್ನಡದ ದಾರಿಯಲ್ಲಿ. ಕೇಶವಣ್ಣಗಳ ಮೂಲ ಕನ್ನಡ ವೃತ್ತಿ ಮಾತ್ರ ಅಚ್ಚಿನ ಬೆಳಕನ್ನು ಕಂಡುದು 1970ರ ದಶಕದ ಕೊನೆಯಲ್ಲಿ, ಭಾರತೀಯ ಜ್ಞಾನಪೀಠದ ಮೂಲಕ.

ಧವಲೆಯ ಕಥೆ ಇನ್ನೂ ಹತ್ತಿರದ್ದು. ವೀರಸೇನಾಚಾರ್ಯರ ಟೀಕೆಯ ಪ್ರಾಚೀನ ತಾಳೆಗರಿ ಪ್ರತಿಗಳು ಕಾರ್ಕಳಕ್ಕೆ ನೆರೆಯ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ ಉಳಿದುಬಂದವು. ಹನ್ನೆರಡನೆಯ ಶತಮಾನದ ಆರಂಭದ್ದೆಂದು ವಿದ್ವಾಂಸರು ಹೇಳುವ ಆ ಗರಿಗಳಿಗೆ ಶತಮಾನಗಳ ಕಾಲ ದರ್ಶನ ಪೂಜೆಗಳು ನಡೆದವು, ಅಧ್ಯಯನ ನಡೆಯಲಿಲ್ಲ. ಗಣಿತಸಾರಸಂಗ್ರಹದ ಒಂದು ಪ್ರತಿಯೂ ಮೂಡಬಿದಿರೆಯಲ್ಲಿತ್ತು; 1912ರಲ್ಲಿ ಮದರಾಸಿನಿಂದ ಆ ಗ್ರಂಥವನ್ನು ಪ್ರಕಟಿಸಿದ ಎಂ. ರಂಗಾಚಾರ್ಯರು ಅದರ ನಕಲನ್ನು ತರಿಸಿಕೊಂಡು ಬಳಸಿದ್ದರು. ಧವಲೆಯನ್ನು ಪ್ರತಿ ಮಾಡುವ ಕಾರ್ಯ ಆರಂಭವಾದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಸಂಪುಟಗಳು ಹೊರಬರತೊಡಗಿ, ಎರಡು ದಶಕಗಳಲ್ಲಿ ಹದಿನಾರು ಸಂಪುಟಗಳು ಪೂರ್ಣಗೊಂಡವು. ನಾಲ್ಕನೆಯ ಸಂಪುಟಕ್ಕೆ ಲಖನೌ ವಿಶ್ವವಿದ್ಯಾನಿಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಹರು ಧವಲೆಯ ಗಣಿತವನ್ನು ಕುರಿತು ಒಂದು ಲೇಖನವನ್ನು ಬರೆದುಕೊಟ್ಟರು. ಇಪ್ಪತ್ತೊಂಬತ್ತು ಸ್ಥಾನಗಳ ಆ ಸಂಖ್ಯೆ ಕೋಟಿಯ ನಾಲ್ಕನೆಯ ಘಾತದಷ್ಟೇ ಸ್ಥಾನಗಳುಳ್ಳದ್ದಾದರೂ ಅದಕ್ಕಿಂತ ದೊಡ್ಡದೆಂಬುದನ್ನೂ, ವೀರಸೇನರು ಅದನ್ನರಿತು ಕ್ಷೇತ್ರಗಣಿತದಿಂದ ನಿರಾಕರಿಸಿದುದನ್ನೂ ಆಧುನಿಕ ಗಣಿತಲೋಕಕ್ಕೆ ಎತ್ತಿತೋರಿಸಿದವರು ಅವರೇ. ಮೂಡಬಿದಿರೆಯ ಗರಿಗಳಲ್ಲಿ ಆ ನಿರಾಕರಣೆಯೂ, ನಿರಾಕೃತವಾದ ಸಂಖ್ಯೆಯೂ ಒಂದೇ ಲಿಪಿಕಾರನ ಕೈಯಲ್ಲಿ, ಒಂದರ ಪಕ್ಕದಲ್ಲೊಂದು ಬರೆಯಲ್ಪಟ್ಟು ಉಳಿದಿದ್ದವು.